ಸುತ್ತಿಗೆ ಬಡಿದ ನ್ಯಾಯಮೂರ್ತಿ

ಲುಧಿಯಾನದ ವರ್ಧಮಾನ್ ಜವಳಿ ಸಮೂಹದ ಮುಖ್ಯಸ್ಥ ಎಸ್. ಪಿ. ಓಸ್ವಾಲ್ ಅವರಿಗೆ ಆಗ 82 ವರ್ಷ. ಪದ್ಮಭೂಷಣ ಪಡೆದವರು, ಸಾವಿರಾರು ಜನಕ್ಕೆ ಕೆಲಸ ಕೊಟ್ಟವರು. 2024ರ ಆಗಸ್ಟ್ ಕೊನೆಯಲ್ಲಿ ಅವರಿಗೆ ಒಂದು ಕರೆ ಬಂತು: ನಿಮ್ಮ ಫೋನ್ ಸಂಪರ್ಕ ಕಡಿತವಾಗಲಿದೆ, ಒಂಬತ್ತು ಒತ್ತಿ. ಒತ್ತಿದರು. ಅತ್ತಲಿಂದ ಮಾತಾಡಿದವನು ತಾನು ಸಿಬಿಐ ಎಂದ. ಅಕ್ರಮ ಹಣ ವರ್ಗಾವಣೆ ಪ್ರಕರಣದಲ್ಲಿ ನಿಮ್ಮ ಹೆಸರಿದೆ ಎಂದ. ಆಮೇಲೆ ವಿಡಿಯೊ ಕರೆ, ಮೊಹರು ಒತ್ತಿದ ವಾರಂಟು, ಮಲಗಿದಾಗಲೂ ಆರದ ಕ್ಯಾಮೆರಾ. ಕೊನೆಗೆ ಸ್ಕೈಪಿನಲ್ಲಿ ಸುಪ್ರೀಂ ಕೋರ್ಟಿನ ‘ವಿಚಾರಣೆ’ಯೇ ನಡೆಯಿತು, ಆಗಿನ ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರ ಹೆಸರಿನಲ್ಲಿ. ಮುಖ ಕಾಣಿಸಲಿಲ್ಲ, ದನಿ ಕೇಳಿಸಿತು, ಮೇಜಿಗೆ ಸುತ್ತಿಗೆ ಬಡಿದ ಸದ್ದೂ ಕೇಳಿಸಿತು. 7 ಕೋಟಿ ರೂಪಾಯಿ ಹೋಯಿತು.

ಆ ಸುತ್ತಿಗೆಯನ್ನು ಸ್ವಲ್ಪ ಗಮನಿಸಬೇಕು. ನಮ್ಮ ನ್ಯಾಯಾಧೀಶರು ಸುತ್ತಿಗೆ ಬಡಿಯುವುದಿಲ್ಲ. ‘ಆರ್ಡರ್, ಆರ್ಡರ್’ ಎಂದು ಬಡಿಯುವುದು ಸಿನಿಮಾದವರು. ಕೋರ್ಟಿನ ಮೆಟ್ಟಿಲು ಹತ್ತದೆ ಬಾಳುವುದೇ ಮರ್ಯಾದೆ ಎಂದುಕೊಂಡ ನಮ್ಮಂಥವರಿಗೆ ಗೊತ್ತಿರುವುದು ಆ ಸಿನಿಮಾದ ಕೋರ್ಟು ಮಾತ್ರ. ಮೋಸಗಾರರಿಗೆ ಅಷ್ಟು ಸಾಕು.

ಇಂಥ ಸುದ್ದಿ ಓದಿದೊಡನೆ ‘ದುರಾಸೆಗೆ ತಕ್ಕ ಶಾಸ್ತಿ’ ಎನ್ನುವವರಿದ್ದಾರೆ. ಲಾಟರಿ ಮೆಸೇಜು ನಂಬಿ ಕೆಟ್ಟವನಿಗೆ ಆ ಮಾತು ಅಷ್ಟಿಷ್ಟು ಹೊಂದೀತು. ಇಲ್ಲಿ ಆಸೆಯ ಮಾತೇ ಇಲ್ಲ. ಕಾನೂನಿನ ಭಯ, ಅಧಿಕಾರಿ ಹೇಳಿದ್ದಕ್ಕೆ ತಲೆಬಾಗುವ ಅಭ್ಯಾಸ, ಮಾನ ಹೋದೀತೆಂಬ ಅಳುಕು, ಇವು ನಾವೇ ಮಕ್ಕಳಿಗೆ ಕಲಿಸುವ ಗುಣಗಳು. ಕಳ್ಳರು ಹಿಡಿದದ್ದು ಇವನ್ನೇ. ಜೊತೆಗೆ ಒಂದು ಅಪ್ಪಣೆ: ಇದು ರಾಷ್ಟ್ರದ ಗುಟ್ಟು, ಯಾರಿಗೂ ಹೇಳಕೂಡದು. ನನ್ನ ಲೆಕ್ಕದಲ್ಲಿ ಇಡೀ ನಾಟಕದ ಬೀಗ ಅದೊಂದೇ. ಮೊಹರು ನೋಡಿ ವಾರಂಟು ಅಸಲಿಯೋ ನಕಲಿಯೋ ಎಂದು ಹೇಳುವುದು ಸಾಮಾನ್ಯರ ಕೈಲಾಗದು. ಆದರೆ ಬಂಧಿತನಿಗೆ ತನ್ನ ವಕೀಲರನ್ನು ಕಾಣುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಬಂಧಿಸಿದ ಪೊಲೀಸರು ಮನೆಯವರಿಗೆ ತಿಳಿಸಲೇಬೇಕು. ಫೋನಿನಲ್ಲೇ ಬಂಧನದಲ್ಲಿಡುವ ಕಾನೂನಂತೂ ಇಲ್ಲವೇ ಇಲ್ಲ. ‘ಹೆಂಡತಿಗೂ ಹೇಳಬೇಡಿ’ ಎಂದವನು ಅಲ್ಲಿಗೇ ತನ್ನ ಜಾತಕ ಬಿಚ್ಚಿಟ್ಟಂತೆ.

ಓಸ್ವಾಲರ ಕಂಪನಿಯ ಅಧಿಕಾರಿಯೊಬ್ಬರಿಗೆ ವಿಷಯ ತಿಳಿದು ಅನುಮಾನ ಬಂದದ್ದರಿಂದಲೇ ದೂರಿನ ತನಕ ಬಂತು. ಪೊಲೀಸರು 5.25 ಕೋಟಿ ಮರಳಿ ಪಡೆದರು.

ಅದೇ ವರ್ಷ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಕೇಳಿಸಿದ ಇಂಥದೇ ಕರೆಯ ಧ್ವನಿಮುದ್ರಿಕೆ ನಮ್ಮ ವಿಜಯಪುರದವರೊಬ್ಬರದು. ಪೊಲೀಸ್ ವೇಷದವನನ್ನು ಮಾತಿಗೆಳೆಯುತ್ತಲೇ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದರು. ಭೇಷ್. ಆದರೆ ಒಂಟಿಯಾಗಿರುವ ನಿವೃತ್ತ ಮೇಷ್ಟ್ರಿಗೂ ಅಷ್ಟೇ ಗಟ್ಟಿತನ ಇರಬೇಕಿತ್ತು ಎನ್ನುವುದು ಅನ್ಯಾಯ.

ಹೋದ ಹಣ ಖಾತೆಯಿಂದ ಖಾತೆಗೆ ಹಾರಿ ಚದುರುವ ಮುನ್ನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಹೋದರೆ ತಡೆಹಿಡಿಯುವ ದಾರಿ ಇರುತ್ತದೆ. ಸಿಗುವುದು ಕೆಲವೇ ಗಂಟೆ. ಮಗ ಏನಂದಾನು, ಬೀಗರಿಗೆ ಗೊತ್ತಾದರೆ ಮುಖ ತೋರಿಸುವುದು ಹೇಗೆ ಎಂಬ ಚಿಂತೆ ಆ ಗಂಟೆಗಳನ್ನು ನುಂಗುತ್ತದೆ. ಅದನ್ನು ಹುಟ್ಟಿಸುವುದು ನಮ್ಮ ನಗುವೇ. ಓಸ್ವಾಲ್ ತಮಗಾದದ್ದನ್ನು ಪತ್ರಿಕೆ, ಟಿವಿಗಳ ಮುಂದೆ ತಾವೇ ಹೇಳಿದರು, ಇಡೀ ದೇಶ ಆಡಿಕೊಳ್ಳಬಹುದೆಂದು ಗೊತ್ತಿದ್ದೂ.