ಎದೆಬೇನೆ ಮತ್ತು ಅಭಯ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರ್ ದಾರಿ. ಆ ದಾರಿಯಲ್ಲಿ ಓಡಾಡುವ ರಿಕ್ಷಾ, ಟೆಂಪೊ, ಲಾರಿಗಳ ಹಿಂಬದಿಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಹೆದರಬೇಡ, ನಿನ್ನ ಬೆನ್ನಿಗೆ ನಾನಿದ್ದೇನೆ. ಮರಾಠಿಯಲ್ಲಿ ಬರೆದಿರುವ ಈ ಅಭಯ ಸ್ವಾಮಿ ಸಮರ್ಥರದು ಎಂಬುದು ಭಕ್ತರ ನಂಬಿಕೆ. 1856ರ ಸುಮಾರಿಗೆ ಅಕ್ಕಲಕೋಟೆಗೆ ಬಂದ ಸ್ವಾಮಿಗಳು 1878ರಲ್ಲಿ ಅಲ್ಲಿಯೇ ಸಮಾಧಿಯಾದರು. ಅವರು ಕೂಡುತ್ತಿದ್ದ ಆಲದ ಮರದ ಬಳಿಯ ವಟವೃಕ್ಷ ದೇವಸ್ಥಾನದಲ್ಲಿ ಗುರುವಾರ ಬಂತೆಂದರೆ ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಬೈಪಾಸಿಗೆ ಮೊದಲು ಹರಕೆ ಹೊರಲು ಬಂದವರು, ಸ್ಟೆಂಟ್ ಹಾಕಿಸಿಕೊಂಡು ಹರಕೆ ತೀರಿಸಲು ಬಂದವರು, ಈಸಿಜಿ ಕಾಗದವನ್ನು ಕೈಚೀಲದಲ್ಲಿಟ್ಟುಕೊಂಡೇ ದರ್ಶನಕ್ಕೆ ನಿಂತವರು ಎಲ್ಲರೂ ಆ ಸಾಲಿನಲ್ಲಿರುತ್ತಾರೆ.

ಹಾಗಾದರೆ ಎದೆಯ ಕಾಯಿಲೆ ಇರುವ ಮನುಷ್ಯನಿಗೆ ಈ ಅಭಯದ ಅರ್ಥವೇನು? ಎದೆ ಹಿಡಿದುಕೊಂಡ ಹೊತ್ತಿನಲ್ಲಿ ‘ಹೆದರಬೇಡ’ ಎಂಬ ಮಾತು ಅವನನ್ನು ಮನೆಯಲ್ಲೇ ಕೂಡಿಸುತ್ತದೆಯೇ, ಎಬ್ಬಿಸಿ ಆಸ್ಪತ್ರೆಗೆ ಕಳಿಸುತ್ತದೆಯೇ? ಇದು ಮಠದ ಜಗಲಿಯ ಮೇಲಿನ ತರ್ಕವಲ್ಲ. ಉತ್ತರದ ಮೇಲೆ ಜೀವ ನಿಂತಿರುತ್ತದೆ.

ಈ ಸೀಮೆಯ ಮನೆಗಳಲ್ಲಿ ರಾತ್ರಿ ಎದೆ ನೊಂದರೆ ಮೊದಲು ಕೇಳುವ ಮಾತು, ‘ಗ್ಯಾಸ್ ಆಗೇತಿ, ಒಂದೀಟು ಸೋಡಾ ಕುಡಿ, ಇಳೀತೈತಿ.’ ಒಮ್ಮೊಮ್ಮೆ ಅದು ನಿಜಕ್ಕೂ ಗ್ಯಾಸೇ ಆಗಿರುತ್ತದೆ. ಆದರೆ ಎದೆಯ ನಟ್ಟನಡುವೆ ಬಂಡೆ ಇಟ್ಟ ಹಾಗೆ ಭಾರ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ದಮ್ಮು ಇವು ಕಾಣಿಸಿಕೊಂಡರೆ ಬೆಳಗಾಗುವವರೆಗೆ ಕಾಯುವ ಹಾಗಿಲ್ಲ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಸಿರು ಸಾಲದಂತಾಗುವುದು ಇಷ್ಟೇ ಇರಬಹುದು. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿದರೆ ಅರ್ಧ ಗಂಟೆಯೊಳಗೇ ಸ್ನಾಯು ಸಾಯತೊಡಗುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲ ಒಂದೆರಡು ಗಂಟೆಗಳಲ್ಲಿ ಮಾಡುವಷ್ಟು ಉಪಕಾರವನ್ನು ಆಮೇಲೆ ಮಾಡಲಾರದು. ಹಳ್ಳಿಯಿಂದ ಅಕ್ಕಲಕೋಟೆ, ಅಲ್ಲಿಂದ ಸೊಲ್ಲಾಪುರ ಎಂದು ದಾರಿಯೇ ಒಂದೂವರೆ ಗಂಟೆ ತಿನ್ನುವ ಊರುಗಳಲ್ಲಿ ಸೋಡಾ ಕುಡಿದು ಕಾದ ಒಂದು ತಾಸಿನ ಬೆಲೆ ಬಹಳ ದೊಡ್ಡದು. 108ಕ್ಕೆ ಫೋನು ಮಾಡುವುದು ಸ್ವಾಮಿಗಳ ಮೇಲಿನ ವಿಶ್ವಾಸ ಕಡಿಮೆಯಾದ ಲಕ್ಷಣವಲ್ಲ. ಅಭಯ ತೆಗೆದುಹಾಕಬೇಕಾದ್ದು ನೋವಿನ ಭಯವನ್ನಲ್ಲ, ಆಸ್ಪತ್ರೆಯ ಭಯವನ್ನು, ಖರ್ಚಿನ ಭಯವನ್ನು, ‘ಏನಾದರೂ ಗಂಭೀರವಾದದ್ದು ಹೇಳಿಬಿಟ್ಟರೆ’ ಎಂಬ ಅಂಜಿಕೆಯನ್ನು. ಖರ್ಚಿನ ಮಟ್ಟಿಗೆ ಹೇಳುವುದಾದರೆ, ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಆಂಜಿಯೋಪ್ಲಾಸ್ಟಿಯೂ ಬೈಪಾಸೂ ಸೇರಿವೆ. ಗಡಿಯಾಚೆ ಕರ್ನಾಟಕದಲ್ಲಿ, 2021ರಲ್ಲಿ ನಲವತ್ತಾರನೆಯ ವಯಸ್ಸಿಗೇ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಹೆಪ್ಪು ಕರಗಿಸುವ ಆ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಗೇ ತಂದಿದೆ.

ಎರಡನೆಯ ಅಡ್ಡಿ ಹಣೆಬರಹದ ಮಾತು. ಐವತ್ತಕ್ಕೇ ಎದೆ ಕೈಕೊಟ್ಟರೆ ‘ಬರದಿತ್ತು, ಆತು’ ಎಂದುಬಿಡುತ್ತಾರೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಈ ಬರಹವನ್ನು ಓದಿ ತೋರಿಸಿತು. ತಂಬಾಕು, ಕೆಟ್ಟ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿಯ ಕೊರತೆ, ಮೈ ಅಲುಗಿಸದಿರುವುದು, ಕುಡಿತದ ರೀತಿ ಈ ಒಂಬತ್ತರಲ್ಲಿ ಮೊದಲ ಹೃದಯಾಘಾತದ ಅಪಾಯದ ಶೇಕಡ 90ರಷ್ಟು ಅಡಗಿದೆ ಎಂಬುದು ಅದರ ಲೆಕ್ಕ. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಸರಾಸರಿ 53ನೆಯ ವಯಸ್ಸಿಗೇ ಬರುತ್ತದೆ, ಉಳಿದವರಿಗಿಂತ ಸುಮಾರು ಆರು ವರ್ಷ ಮೊದಲು, ಎಂದೂ ಅದೇ ಅಧ್ಯಯನ ಹೇಳಿತು. ಬೀಡಿ ಕಟ್ಟುವುದೇ ಸಾವಿರಾರು ಹೆಂಗಸರ ಅನ್ನವಾಗಿರುವ, ಸುಟ್ಟ ತಂಬಾಕಿನ ಮಿಶ್ರಿಯನ್ನು ಬೆಳಗ್ಗೆ ಎದ್ದು ಹಲ್ಲಿಗೆ ತಿಕ್ಕಿಕೊಳ್ಳುವ ರೂಢಿ ಇನ್ನೂ ಬಿಡದಿರುವ ಸೊಲ್ಲಾಪುರದಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ಬೀಡಿ ಬಿಟ್ಟವನಲ್ಲಿ, ಅದು ಹೃದಯಕ್ಕೆ ತಂದಿದ್ದ ಹೆಚ್ಚಿನ ಅಪಾಯ ಒಂದೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಣೆಬರಹ ಇಷ್ಟು ಬೇಗ ಅಳಿಸಿಹೋಗುವುದುಂಟೇ? ಹನ್ನೆರಡನೆಯ ಶತಮಾನದ ಶರಣರು ತಿಥಿ, ವಾರ, ನಕ್ಷತ್ರಗಳನ್ನು ಲೆಕ್ಕಕ್ಕಿಡದೆ ಕಾಯಕ ಹಿಡಿದವರು. ಅವರ ನೆಲದ ಜನ ವಿಧಿಗೆ ಇಷ್ಟು ಬೇಗ ಶರಣಾಗಬೇಕಿಲ್ಲ.

ಹಾಗೆಂದು ವಿಧಿಯನ್ನು ತೆಗೆದುಹಾಕಿ ಅದರ ಜಾಗದಲ್ಲಿ ಅಪರಾಧವನ್ನು ಕೂಡಿಸುವುದೂ ಕ್ರೂರವೇ. ಗಂಟಲು ಬೇನೆಗೆ ಹೊತ್ತಿಗೆ ಸರಿಯಾಗಿ ಔಷಧ ಸಿಗದೆ, ಅದರಿಂದ ಕೀಲುಜ್ವರ ಬಂದು, ಹೃದಯದ ಕವಾಟ ಕೆಟ್ಟು, ಮೂರು-ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚಿಸಿಕೊಳ್ಳುವ ಬಡವರ ಮನೆಯ ಹುಡುಗಿ ಯಾವ ತಪ್ಪು ಮಾಡಿದ್ದಾಳೆ? ಮಗ್ಗದ ಮುಂದೆ ಹನ್ನೆರಡು ತಾಸು ನಿಲ್ಲುವವನಿಗೆ ‘ಒತ್ತಡ ಕಡಿಮೆ ಮಾಡಿಕೋ’ ಎಂದರೆ ಅವನು ಏನು ಮಾಡಬೇಕು? ಬೇನೆ ಬಂದವನನ್ನು ಪಾಪಿಯೆಂದು ಕಾಣುವ ಧರ್ಮವೂ ಬೇಡ, ಅವನನ್ನು ಬೇಜವಾಬ್ದಾರಿಯೆಂದು ಬೈಯುವ ವೈದ್ಯವೂ ಬೇಡ.

ವಿಧಿಯೂ ಅಲ್ಲ, ಅಪರಾಧವೂ ಅಲ್ಲ ಎಂದಾದರೆ ರೋಗಿ ತನ್ನ ಪ್ರಯತ್ನವನ್ನು ಹೇಗೆ ಕಾಣಬೇಕು? ಇಲ್ಲಿ ಸಿದ್ಧರಾಮನ ಕಡೆ ತಿರುಗಲೇಬೇಕು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಈ ಶಿವಯೋಗಿಯ ಕಥೆಯನ್ನು ರಾಘವಾಂಕ ಕಾವ್ಯ ಮಾಡಿದ. ಏಳು ಶತಮಾನ ಕಳೆದ ಮೇಲೆ ಇದೇ ಊರಿನ ಜಯದೇವಿತಾಯಿ ಲಿಗಾಡೆ ಪುರಾಣವಾಗಿ ಬರೆದರು. ಸಿದ್ಧರಾಮ ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ಅರವತ್ತೆಂಟು ಲಿಂಗಗಳನ್ನು ನೆಲೆಗೊಳಿಸಿದ. ಕೆರೆಯ ಕೆಲಸ ನಡೆದಿದ್ದಾಗಲೇ ಅಲ್ಲಮಪ್ರಭು ಬಂದು ಅವನನ್ನು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ತೂರಿದರೆಂದೂ ಕಥೆ ಹೇಳುತ್ತದೆ. ಅಲ್ಲಮನ ತಕರಾರು ಕೆರೆಯ ಮೇಲಲ್ಲ. ಇಷ್ಟು ಪುಣ್ಯ ಮಾಡಿದೆ, ಇಷ್ಟು ಫಲ ಬರಬೇಕು ಎಂಬ ಒಳಗಿನ ವ್ಯಾಪಾರದ ಮೇಲೆ. ಮುಂದೆ ಸಿದ್ಧರಾಮ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ದೀಕ್ಷೆ ಪಡೆದ. ಆದರೆ ಕೆರೆಯನ್ನು ಯಾರೂ ಮುಚ್ಚಿಸಲಿಲ್ಲ. ಇವತ್ತಿಗೂ ಅದು ನಗರದ ನಡುವೆ ಇದೆ, ಸಿದ್ಧೇಶ್ವರನ ಗುಡಿ ನೀರಿನ ಮಧ್ಯೆ ನಿಂತಿದೆ.

ಹೃದ್ರೋಗಿಯ ಮನಸ್ಸಿನೊಳಗೂ ಇದೇ ವ್ಯಾಪಾರ ನಡೆಯುತ್ತಿರುತ್ತದೆ. ಗುಳಿಗೆ ನುಂಗಿದೆ, ಉಪ್ಪು ಬಿಟ್ಟೆ, ಬೆಳಗ್ಗೆ ಕೆರೆ ಸುತ್ತಿದೆ, ಗುರುವಾರ ಹಿಡಿದೆ, ಇನ್ನು ನನಗೇನೂ ಆಗಬಾರದು. ಎರಡು ವರ್ಷದ ಮೇಲೆ ಮತ್ತೆ ಎದೆ ನೊಂದಿತೆಂದರೆ ಡಾಕ್ಟರ ಮೇಲೂ ದೇವರ ಮೇಲೂ ಒಟ್ಟಿಗೇ ನಂಬಿಕೆ ಕುಸಿಯುತ್ತದೆ. ಆ ಹೊತ್ತಿಗೇ ಬಹಳ ಜನ ಗುಳಿಗೆ ಬಿಡುವುದು. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಗಳನ್ನು ತಾವಾಗಿ ಬಿಟ್ಟರೆ ಸ್ಟೆಂಟೇ ಮುಚ್ಚಿಹೋಗಬಹುದು. ಗುಳಿಗೆ ಅಪಾಯವನ್ನು ಇಳಿಸುತ್ತದೆ, ಅಳಿಸುವುದಿಲ್ಲ. ಇದನ್ನು ಮೊದಲ ದಿನವೇ ಬಿಚ್ಚಿ ಹೇಳಿದರೆ ರೋಗಿ ನಿಲ್ಲುತ್ತಾನೆ. ಫಲದ ಮಾತಿಲ್ಲದೆ ದಿನವೂ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯುವ ಮನೆತನಗಳಿಗೆ ಈ ಶಿಸ್ತು ಹೊಸದೇನಲ್ಲ. ದೇವರ ಜಗಲಿಯ ಮೇಲೆ ವಿಭೂತಿಯ ಪಕ್ಕದಲ್ಲೇ ಗುಳಿಗೆಯ ಪಟ್ಟಿ ಇಟ್ಟುಕೊಂಡವರು ಪೂಜೆಯಂತೆ ಅದನ್ನೂ ತಪ್ಪಿಸುವುದಿಲ್ಲ.

ಉಪವಾಸದ ದಿನ ಮಾತ್ರ ಈ ಜಗಲಿಯ ಲೆಕ್ಕ ತಪ್ಪುತ್ತದೆ. ‘ಇವತ್ತ ಉಪಾಸ, ಗುಳಿಗಿ ತಗೊಳ್ಳೂದಿಲ್ಲ’ ಎನ್ನುವವರು ಬಿಪಿಯನ್ನು ಅದರ ಪಾಡಿಗೆ ಬಿಟ್ಟು, ಮಧ್ಯಾಹ್ನ ತುಪ್ಪ-ಶೇಂಗಾ ಹಾಕಿದ ಸಾಬುದಾಣಿ ಖಿಚಡಿಯನ್ನೂ ಉಪ್ಪು ಸವರಿದ ಬಟಾಟೆ ಚಿಪ್ಸನ್ನೂ ತಿನ್ನುತ್ತಾರೆ. ನಿತ್ಯದ ಜೋಳದ ರೊಟ್ಟಿ, ಕಾಳುಪಲ್ಯೆಗಿಂತ ಅದು ಹೃದಯಕ್ಕೆ ಭಾರ. ಮೈಯ ನೀರು ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಸೊಲ್ಲಾಪುರದ ನಲವತ್ತು ಡಿಗ್ರಿ ಬಿಸಿಲಲ್ಲಿ ನೀರೂ ಮುಟ್ಟದೆ ಪಾದಯಾತ್ರೆಗೆ ಹೊರಟರೆ ಅಪಾಯ ಇನ್ನೂ ಹತ್ತಿರ. ವ್ರತ ಬಿಡಬೇಕೆಂದಲ್ಲ. ಡಾಕ್ಟರನ್ನು ಕೇಳಿ ಗುಳಿಗೆಯ ಹೊತ್ತು ಹೊಂದಿಸಿಕೊಂಡರೆ, ಹಣ್ಣು-ಮಜ್ಜಿಗೆಯ ಉಪವಾಸ ಹಿಡಿದರೆ ವ್ರತವೂ ಉಳಿಯುತ್ತದೆ.

ಪ್ರಾರ್ಥನೆಗೆ ಬಲವಿದೆಯೇ ಎಂದು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಬೈಪಾಸ್ ಮಾಡಿಸಿಕೊಂಡ 1,802 ರೋಗಿಗಳನ್ನು ಮೂರು ಗುಂಪು ಮಾಡಿದರು. 2006ರಲ್ಲಿ ಫಲಿತಾಂಶ ಬಂತು. ತಮಗಾಗಿ ಪ್ರಾರ್ಥಿಸುತ್ತಾರೋ ಇಲ್ಲವೋ ಗೊತ್ತಿಲ್ಲದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಪಡೆದವರಲ್ಲಿ ಶೇಕಡ 52, ಪಡೆಯದವರಲ್ಲಿ 51 ಮಂದಿಗೆ ಆಪರೇಷನ್ ನಂತರ ತೊಡಕುಗಳಾದವು. ಖಚಿತವಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ತಿಳಿದಿದ್ದ ಮೂರನೆಯ ಗುಂಪಿನಲ್ಲಿ ಶೇಕಡ 59 ಮಂದಿಗೆ. ‘ನನಗಾಗಿ ಪ್ರಾರ್ಥನೆ ಮಾಡುವಷ್ಟು ಕೆಟ್ಟಿದೆಯೇ’ ಎಂಬ ಕಳವಳವೇ ಕಾರಣವಿರಬಹುದೆಂದು ಕೆಲವರು ಊಹಿಸಿದರು. ಈ ಅಂಕಿಗಳಿಂದ ಭಕ್ತ ನೊಂದುಕೊಳ್ಳಬೇಕಾಗಿಲ್ಲ. ದೇವರನ್ನು ಔಷಧದಂತೆ ಡೋಸು ಕಟ್ಟಿ ಪರೀಕ್ಷಿಸುವುದೂ ಫಲದ ವ್ಯಾಪಾರವೇ. ಅಲ್ಲಮ ಇದ್ದಿದ್ದರೆ ಆ ಪರೀಕ್ಷೆಯನ್ನೇ ಕೆಣಕುತ್ತಿದ್ದ.

ನಮ್ಮ ದೇಶದ್ದೇ ಇನ್ನೊಂದು ಅಧ್ಯಯನ ಹೆಚ್ಚು ಕಲಿಸುತ್ತದೆ. ಯೋಗ-ಕೇರ್ ಎಂಬ ಹೆಸರಿನಲ್ಲಿ 24 ಆಸ್ಪತ್ರೆಗಳ 3,959 ಹೃದಯಾಘಾತದ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದದ್ದು. ಆಸನ, ಉಸಿರಾಟ, ಧ್ಯಾನ ಕಲಿತವರಲ್ಲಿ ಸಾವು, ಮತ್ತೊಂದು ಆಘಾತ ಇವು ಕಡಿಮೆಯಾದವೆಂದು ಖಚಿತವಾಗಿ ಹೇಳಲು ಆಗಲಿಲ್ಲ. ಆದರೆ ಅವರು ತಮ್ಮ ಆರೋಗ್ಯ ಸುಧಾರಿಸಿದೆಯೆಂದರು, ಮೊದಲು ಮಾಡುತ್ತಿದ್ದ ಕೆಲಸಗಳಿಗೆ ಹೆಚ್ಚಾಗಿ ಮರಳಿದರು. ಆಘಾತದ ನಂತರ ಮನುಷ್ಯನನ್ನು ಕುಗ್ಗಿಸುವುದು ಬರೀ ಸತ್ತ ಸ್ನಾಯುವಲ್ಲ. ಮೆಟ್ಟಿಲು ಹತ್ತಲು ಅಂಜಿಕೆ, ಮೊಮ್ಮಗುವನ್ನು ಎತ್ತಿಕೊಳ್ಳಲು ಅಂಜಿಕೆ, ಹೆಂಡತಿಯ ಪಕ್ಕ ಮಲಗಲೂ ಅಂಜಿಕೆ. ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ, ಯಾರೂ ಅದನ್ನು ಕೇಳುವುದಿಲ್ಲ. ದಮ್ಮಿಲ್ಲದೆ ಎರಡು ಅಂತಸ್ತು ಹತ್ತಬಲ್ಲ ಬಹುತೇಕರಿಗೆ ಸಂಸಾರದ ಸುಖವೂ ಸಲ್ಲುತ್ತದೆ ಎಂಬ ಸರಳ ಮಾತನ್ನು ಡಾಕ್ಟರೂ ಆಡುವುದಿಲ್ಲ, ರೋಗಿಯೂ ಕೇಳುವುದಿಲ್ಲ. ಸ್ವಾಮಿಗಳ ಅಭಯಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿಯೇ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ.

ಆದರೆ ಅಂಜಿಕೆ ಬಿಟ್ಟ ಮಾತ್ರಕ್ಕೆ ಮಿತಿ ಮರೆಯುವಂತಿಲ್ಲ. ಜನವರಿಯಲ್ಲಿ ಸೊಲ್ಲಾಪುರಕ್ಕೆ ಸಂಕ್ರಾಂತಿಯ ಗಡ್ಡಾ ಯಾತ್ರೆ ಬರುತ್ತದೆ. ಸಿದ್ಧರಾಮನ ಯೋಗದಂಡಕ್ಕೆ ಕುಂಬಾರರ ಕನ್ಯೆಯೊಡನೆ ಮದುವೆಯಾದ ಕಥೆಯನ್ನು ನೆನೆದು ಅಕ್ಷತೆ ಬೀಳುತ್ತದೆ. ಬಿಳಿ ಬಾರಾಬಂದಿ ತೊಟ್ಟವರು ಏಳು ನಂದಿಧ್ವಜಗಳನ್ನು ಎತ್ತಿಕೊಂಡು ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಡುತ್ತಾರೆ. ಎತ್ತರದ ಕಂಬವನ್ನು ನೆಟ್ಟಗೆ ಹಿಡಿದು ಉಸಿರು ಬಿಗಿಹಿಡಿಯುವಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ವರ್ಷಗಟ್ಟಲೆ ಧ್ವಜ ಹೊತ್ತು, ಈಗ ಎದೆಯಲ್ಲಿ ಸ್ಟೆಂಟ್ ಇರುವ ಭಕ್ತನಿಗೆ ಆ ಮಾನ ಬಿಡುವುದು ಸುಲಭವಲ್ಲ. ಅವನು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡು, ಡಾಕ್ಟರು ಬೇಡವೆಂದರೆ ಧ್ವಜವನ್ನು ಮಗನ ಕೈಗೆ ಕೊಟ್ಟು ತಾನು ಜೊತೆಯಲ್ಲಿ ನಡೆಯಲಿ. ಸಿದ್ಧರಾಮನಿಗೆ ಸಲ್ಲಬೇಕಾದ ಸೇವೆ ಅದರಿಂದ ಕಡಿಮೆಯಾಗುವುದಿಲ್ಲ.

ಅಷ್ಟು ಜನ ಸೇರುವಲ್ಲಿ ಯಾರದಾದರೂ ಹೃದಯ ನಿಂತರೆ, ಎದೆಯೊತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇಕಡ ಏಳರಿಂದ ಹತ್ತು ಕಡಿಮೆಯಾಗುತ್ತದೆ. ನಿಮಿಷಕ್ಕೆ 100ರಿಂದ 120 ಸಲ, ಎದೆಯ ನಡುವೆ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಇಷ್ಟನ್ನು ಕಲಿಸಲು ಡಾಕ್ಟರೇ ಬೇಕಿಲ್ಲ. ಯಾತ್ರೆಯ ಸ್ವಯಂಸೇವಕರಿಗೆ, ಅಕ್ಕಲಕೋಟೆಯ ಅನ್ನಛತ್ರದಲ್ಲಿ ದಿನವೂ ಸಾವಿರಾರು ಎಲೆ ಬಡಿಸುವವರಿಗೆ, ರಿಕ್ಷಾದ ಹಿಂದೆ ಸ್ವಾಮಿಗಳ ಮಾತು ಬರೆಸಿಕೊಂಡ ಚಾಲಕರಿಗೆ ಇದನ್ನು ಕಲಿಸಲು ಒಂದು ಮಧ್ಯಾಹ್ನ, ಒಂದು ಬೊಂಬೆ, ಕನ್ನಡ-ಮರಾಠಿ-ತೆಲುಗು ಮೂರೂ ಬಲ್ಲ ಒಬ್ಬ ನರ್ಸಮ್ಮ ಇದ್ದರೆ ಸಾಕು. ಮೂರು ಭಾಷೆ ಬಲ್ಲ ನರ್ಸಮ್ಮಂದಿರಿಗೆ ಸೊಲ್ಲಾಪುರದಲ್ಲಿ ಬರವಿಲ್ಲ.