ಮರಳಿ ಬಂದವನ ಊರು

ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟವನು ಮುಪ್ಪಿನಲ್ಲಿ ಹಿಂದಿರುಗಿದಾಗ ತನ್ನ ಊರಿನಲ್ಲಿಯೇ ಪರಕೀಯನಾಗುವುದುಂಟು. ಈ ವ್ಯಥೆಯು ಕಡಲು ದಾಟಿದವರಿಗೆ ಮಾತ್ರ ಮೀಸಲೆಂದು ತಿಳಿಯಬೇಕಾಗಿಲ್ಲ. ಘಟಪ್ರಭೆಯ ಸೀಮೆಯ ಮಸಗುಪ್ಪಿಯಂಥ ಊರಿನಿಂದ ಮುಂಬಯಿಗೆ ಹೋದವನಿಗೂ ಅದು ತಪ್ಪಿದ್ದಲ್ಲ.

1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿತ್ತು. ಆದುದರಿಂದ ಈ ಭಾಗದವರಿಗೆ ಮುಂಬಯಿಯು ಪರದೇಶವಲ್ಲ, ರಾಜಧಾನಿ. ಗೋಕಾಕದ ಜಲಪಾತದ ಬಳಿಯಲ್ಲಿಯೇ ನೂಲಿನ ಗಿರಣಿಯಿದ್ದರೂ ಎಲ್ಲರಿಗೂ ಅಲ್ಲಿ ಕೆಲಸವೆಲ್ಲಿಯದು? ಕೆಲವರು ಮುಂಬಯಿಯ ಗಿರಣಿಗಳನ್ನು ಸೇರಿದರು. 1982ರ ಜನವರಿ 18ರಂದು ಅಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರ ಮುಷ್ಕರವು ಆರಂಭವಾಗಿ ವರ್ಷ ಮೀರಿ ನಡೆಯಿತು. ಎಷ್ಟೋ ಜನರಿಗೆ ಕೆಲಸ ಮರಳಿ ದೊರೆಯಲೇ ಇಲ್ಲ.

ಹಾಗೆ ಬಂದವನು ಬಿಟ್ಟುಹೋದದ್ದು ಜೋಳದ ಹೊಲ, ಕಂಡದ್ದು ಕಬ್ಬು. ಹಿಡಕಲ್ ಜಲಾಶಯದ ನೀರು ಕಾಲುವೆಗಳಲ್ಲಿ ಹರಿದ ಮೇಲೆ ಸೀಮೆಯ ಮುಖವೇ ಬೇರೆಯಾಯಿತು. ಗೋಕಾಕ ತಾಲೂಕನ್ನು ಒಡೆದು ಈಗ ಮೂಡಲಗಿಯೂ ತಾಲೂಕಾಗಿದೆ. ಕಟ್ಟೆಯ ಮೇಲಿನ ಹುಡುಗನು "ಯಾವೂರಾವ್ರರೀ, ಅಜ್ಜಾರ?" ಎಂದು ಕೇಳುತ್ತಾನೆ. ಕೇಳಿದ್ದು ಮರ್ಯಾದೆಯಿಂದಲೇ, ಆದರೆ ಆ ಮರ್ಯಾದೆಯೇ ಚುಚ್ಚುತ್ತದೆ. ಅದು ಅತಿಥಿಗೆ ಸಲ್ಲುವ ಮರ್ಯಾದೆ.

ತಪ್ಪು ಯಾರದು? ಊರು ನನ್ನನ್ನು ಮರೆಯಿತೆಂದು ಅವನು ಕೊರಗುತ್ತಾನೆ. ಆದರೆ ಅವನು ನೆನಪಿನಲ್ಲಿ ಕಾದಿಟ್ಟುಕೊಂಡದ್ದು ಹೋದ ದಿನದ ಊರನ್ನು. ತಾನು ಮಾತ್ರ ನಡೆಯಬೇಕು, ಊರು ನಿಂತಿರಬೇಕು ಎಂಬುದು ನ್ಯಾಯವೆ? ಸ್ಥಾವರಕ್ಕಿಂತ ಜಂಗಮವನ್ನೇ ಹಿರಿದೆಂದು ಬಗೆದ ಶರಣರ ಹಾದಿಯವರಿಗೆ ಇದು ಹೊಸ ವಿಚಾರವೇನೂ ಅಲ್ಲ.

ಊರೂ ನಿರ್ದೋಷಿಯಲ್ಲ. ಮನಿಯಾರ್ಡರ್ ಬರುತ್ತಿದ್ದಾಗ ಅವನು ನಮ್ಮವನು. ಬರಿಗೈಯಲ್ಲಿ ಬಂದಾಗ ಯಾರವನೋ! ಇವನು ಯಾರವನೆಂದು ಕೇಳಿಸಬೇಡ, ಮನೆಯ ಮಗನೆಂದು ಎಣಿಸುವಂತೆ ಮಾಡು ಎಂಬ ಆಶಯವನ್ನು ಬಸವಣ್ಣನವರು ತಮ್ಮ ದೈವದ ಮುಂದೆ ಇಟ್ಟುದನ್ನು ಸಭೆಗಳಲ್ಲಿ ಹಾಡುವುದು ಸುಲಭ. ಪಾಲಿನ ಮಾತು ಬಂದಾಗಲೇ ಅದರ ಪರೀಕ್ಷೆ. ಹೊಲದ ಉತಾರದಲ್ಲಿ ಅಣ್ಣನ ಹೆಸರೂ ಉಂಟು. ಮೂವತ್ತು ವರ್ಷ ಬೆವರು ಸುರಿಸಿದವನು ತಮ್ಮ. ಮನೆಗೆ ತೊಲೆ ಹಾಕಿದ್ದು ಮುಂಬಯಿಯ ದುಡ್ಡು. ಬರವನ್ನೂ 2019ರ ಮಹಾಪೂರವನ್ನೂ ಎದುರಿಸಿ ಆ ಮನೆಯನ್ನು ಉಳಿಸಿಕೊಂಡವನು ತಮ್ಮ. ಕಾಯದೆಯು ಪಾಲನ್ನು ಅಳೆದೀತು, ಈ ಋಣವನ್ನು ಅಳೆಯದು. ಅಣ್ಣನು ಹಕ್ಕೆಂದು ಕೇಳದೆ, ತಮ್ಮನು ದಾನವೆಂದು ಕೊಡದೆ ಒಂದೇ ಪಂಕ್ತಿಯಲ್ಲಿ ಕುಳಿತು ಮಾತನಾಡುವುದಾದರೆ ವಕೀಲರಿಗೆ ಕೆಲಸವಿಲ್ಲ. ಮೊದಲು ಮಾತೆತ್ತಬೇಕಾದವನು ತಮ್ಮ. ಏಕೆಂದರೆ ಹೊಸ್ತಿಲೊಳಗೆ ನಿಂತವನು ಅವನು.

ಬಸವಣ್ಣನವರೂ ಮರಳಿದವರೇ. ಬಾಲ್ಯದಲ್ಲಿ ಕಲಿತ ಕೂಡಲಸಂಗಮಕ್ಕೆ ಕಲ್ಯಾಣದ ಕೋಲಾಹಲದ ಕಾಲದಲ್ಲಿ ಅವರು ಹಿಂದಿರುಗಿದರೆಂದು ಪರಂಪರೆಯು ಹೇಳುತ್ತದೆ. ಆ ಸಂಗಮವೂ ಇಂದು ಹಿಂದಿನಂತಿಲ್ಲ. ನಾರಾಯಣಪುರ ಜಲಾಶಯದ ಹಿನ್ನೀರು ಏರಿದುದರಿಂದ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಕಟ್ಟಲಾಗಿದೆ. ಸುತ್ತಲೂ ನೀರು ನಿಂತಿರಲು, ಭಕ್ತರು ಮೆಟ್ಟಿಲಿಳಿದು ಅಲ್ಲಿಗೆ ಹೋಗುತ್ತಾರೆ.