ಪರದೇಶವಾಸಿಗಳ ಆಹಾರವಿಚಾರ



ನಮ್ಮ ಲಿಂಗವಂತ ಮನೆತನಗಳಲ್ಲಿ ಇಂದು ಮಗನನ್ನೋ ಮಗಳನ್ನೋ ಪರದೇಶಕ್ಕೆ ಕಳುಹಿಸಿದವರು ಅನೇಕರಿದ್ದಾರೆ. 2015ನೆಯ ಇಸವಿಯ ನವೆಂಬರ್ 14ರಂದು ಲಂಡನ್ ನಗರದ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಮೂರ್ತಿಯು ಅನಾವರಣಗೊಂಡಿತೆಂದರೆ, ಆ ನೆಲದಲ್ಲಿ ನಮ್ಮವರು ಎಷ್ಟು ಬೇರೂರಿದ್ದಾರೆಂಬುದು ತಿಳಿಯುತ್ತದೆ. ಮಠದ ದರ್ಶನಕ್ಕೆಂದು ಬರುವ ತಂದೆತಾಯಿಗಳು ಮಕ್ಕಳ ಉದ್ಯೋಗದ ಮಾತು, ಸಂಬಳದ ಮಾತು, ಮನೆ ಕೊಂಡ ಮಾತು ಎಲ್ಲವೂ ಮುಗಿದ ಮೇಲೆ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಒಂದುಂಟು: “ಅಲ್ಲಿ ಅವರು ಏನು ಉಣ್ಣಬೇಕು, ಹೇಗೆ ಉಣ್ಣಬೇಕು?” ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡುವಂತಿಲ್ಲ. ಆ ಊಟದ ತಟ್ಟೆಯ ನಿಮಿತ್ತವಾಗಿಯೇ ತಾಯಿ ಮಗನೊಡನೆ ಮಾತು ಬಿಟ್ಟ ಮನೆಗಳನ್ನು ನಾನು ಬಲ್ಲೆ.

ಮೊದಲು ಮೂಲವನ್ನು ನೋಡೋಣ. ಆಹಾರವು ಶುದ್ಧವಾದರೆ ಅಂತಃಕರಣವು ಶುದ್ಧವಾಗುವುದೆಂಬ ಉಪನಿಷತ್ತಿನ ಅಭಿಪ್ರಾಯವನ್ನು ವಿವರಿಸುವಾಗ, ಶಂಕರಾಚಾರ್ಯರು ಇಂದ್ರಿಯಗಳು ಒಳಗೆಳೆದುಕೊಳ್ಳುವುದೆಲ್ಲವೂ ಆಹಾರವೆಂದು ಅರ್ಥಮಾಡಿದರು. ರಾಮಾನುಜಾಚಾರ್ಯರು ಉಣ್ಣುವ ಅನ್ನವೆಂದೇ ಹಿಡಿದರು. ನಮ್ಮ ಶರಣರು ಈ ವಾದದಲ್ಲಿ ಯಾವ ಕಡೆಗೂ ನಿಲ್ಲದೆ ಇನ್ನೊಂದು ದಾರಿಯನ್ನು ತೋರಿದರು. ಅವರ ದೃಷ್ಟಿಯಲ್ಲಿ ತಟ್ಟೆಯಲ್ಲಿರುವುದು ಬರಿಯ ಪದಾರ್ಥ. ಅದು ಲಿಂಗಕ್ಕೆ ಅರ್ಪಿತವಾದಾಗ ಪ್ರಸಾದ. ಆದುದರಿಂದ ಲಿಂಗವಂತನು ತಾನು ಉಣ್ಣುವ ವಸ್ತುವಿನ ಬಗೆಗೆ “ಇದು ರುಚಿಯೆ?” ಎಂದು ಕೇಳುವುದಕ್ಕೆ ಮೊದಲು “ಇದು ಅರ್ಪಿಸತಕ್ಕದ್ದೆ?” ಎಂದು ಕೇಳಬೇಕಾಗುತ್ತದೆ. ಒಂದು ಜೀವದ ಕೂಗಿನಿಂದ ಬಂದುದನ್ನು ಅಂಗೈಯ ಲಿಂಗಕ್ಕೆ ಹೇಗೆ ಹಿಡಿಯುವುದು? ಇಷ್ಟೇ ವಿಷಯ. ಈ ಪ್ರಶ್ನೆಯು ಧಾರವಾಡದಲ್ಲಿ ಹೇಗೋ ಶಿಕಾಗೋದಲ್ಲಿಯೂ ಹಾಗೆಯೇ ಇರುತ್ತದೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಆ ದೇಶಗಳು ಶೀತಪ್ರಧಾನವಾದವು, ಅಲ್ಲಿ ಮಾಂಸವಿಲ್ಲದೆ ದೇಹ ನಿಲ್ಲದು ಎಂಬುದು. ಇದನ್ನು ಹೇಳುವವರಲ್ಲಿ ಹೆಚ್ಚಿನವರು ಚಳಿಯಿಂದಲ್ಲ, ಸಹವಾಸದ ಒತ್ತಾಯದಿಂದ ಉಣ್ಣತೊಡಗಿದವರೆಂಬುದು ನನ್ನ ಅನುಭವ. ಇರಲಿ, ಮಾತನ್ನು ಪರೀಕ್ಷಿಸೋಣ. ಮಾಂಸವನ್ನು ಬಿಟ್ಟವರ ಸಂಘವು ಇಂಗ್ಲೆಂಡಿನ ರಾಮ್ಸ್‌ಗೇಟ್ ಊರಿನಲ್ಲಿ 1847ರಲ್ಲಿಯೇ ಸ್ಥಾಪಿತವಾಯಿತು. ಅದನ್ನು ಕಟ್ಟಿದವರು ಆ ಚಳಿಯಲ್ಲಿಯೇ ಹುಟ್ಟಿ ಬೆಳೆದವರು. 1888ರಲ್ಲಿ ಲಂಡನ್ನಿಗೆ ಹೋದ ಮೋಹನದಾಸ ಗಾಂಧಿಯವರು ತಾಯಿಗೆ ಕೊಟ್ಟ ಮಾತಿನ ಕಾರಣದಿಂದ ಅರೆಹೊಟ್ಟೆಯಲ್ಲಿ ಬೀದಿ ಬೀದಿ ಅಲೆದು, ಕಡೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರದ ಉಪಾಹಾರಗೃಹವೊಂದನ್ನು ಕಂಡರು. ಅಲ್ಲಿಯೇ ಹೆನ್ರಿ ಸಾಲ್ಟ್ ಎಂಬವರ ಪುಸ್ತಕವನ್ನು ಕೊಂಡು ಓದಿದರು. ಅಲ್ಲಿಯವರೆಗೆ ತಾಯಿಯದಾಗಿದ್ದ ವ್ರತವು ಅಂದಿನಿಂದ ಅವರದಾಯಿತು. ನಮ್ಮ ಮಕ್ಕಳ ವಿಷಯದಲ್ಲಿ ಆಗಬೇಕಾದುದೂ ಇದೇ. ಮನೆಯ ಹೆದರಿಕೆಯಿಂದ ನಡೆದ ನೇಮವು ವಿಮಾನದ ಮೆಟ್ಟಿಲವರೆಗೆ ಬರುತ್ತದೆ, ಅದರಾಚೆಗೆ ಬಾರದು. ಸರಿಯಾಗಿ ಯೋಚಿಸಿ ರೂಢಿಸಿಕೊಂಡ ಸಸ್ಯಾಹಾರವು ದೇಹಕ್ಕೆ ಸಾಕೆಂದು ಅಮೆರಿಕದ ಆಹಾರತಜ್ಞರ ಮಹಾಸಂಸ್ಥೆಯು 2016ರಲ್ಲಿ ಸ್ಪಷ್ಟವಾಗಿ ಹೇಳಿತು.

“ಸರಿಯಾಗಿ ಯೋಚಿಸಿ” ಎಂಬ ಮಾತನ್ನು ನಮ್ಮವರು ಕೇಳಿಸಿಕೊಳ್ಳುವುದಿಲ್ಲ. ನಾವು ಮಾಂಸ ಮುಟ್ಟದವರು, ಆದುದರಿಂದ ನಮ್ಮದು ಸಾತ್ತ್ವಿಕಾಹಾರ, ಆದುದರಿಂದ ನಾವು ಆರೋಗ್ಯವಂತರು ಎಂಬ ತರ್ಕವನ್ನು ಹೂಡಿ ನೆಮ್ಮದಿಯಿಂದಿರುತ್ತಾರೆ. ಈ ಅನುಮಾನಕ್ಕೆ ಹೇತುವಿಲ್ಲ. ಪರದೇಶದಲ್ಲಿರುವ ನಮ್ಮ ತರುಣನ ದಿನದ ಊಟವನ್ನು ವಿಚಾರಿಸಿ ನೋಡಿರಿ: ಬೆಳಿಗ್ಗೆ ಸಕ್ಕರೆ ಬೆರೆತ ಒಣ ತಿಂಡಿ, ಮಧ್ಯಾಹ್ನ ಮೈದಾಹಿಟ್ಟಿನ ಮೇಲೆ ಗಿಣ್ಣು ಸುರಿದ ಪಿಜ್ಜಾ, ಸಂಜೆ ಕರಿದ ಆಲೂಗಡ್ಡೆ, ರಾತ್ರಿ ಬಿಳಿ ಅನ್ನದ ರಾಶಿ, ನಡುನಡುವೆ ಸಿಹಿಪಾನೀಯ. ಇದರಲ್ಲಿ ಹಿಂಸೆಯಿಲ್ಲ, ಸೊಪ್ಪೂ ಇಲ್ಲ, ಕಾಳೂ ಇಲ್ಲ. ನಡೆಯುವುದಂತೂ ಕಾರಿನಿಂದ ಬಾಗಿಲಿಗೆ, ಬಾಗಿಲಿಂದ ಕುರ್ಚಿಗೆ.

ನಮ್ಮ ದೇಶದವರ ಶರೀರಕ್ಕೆ ಸಕ್ಕರೆರೋಗವು ಕಡಿಮೆ ತೂಕದಲ್ಲಿಯೇ ಅಂಟುತ್ತದೆಂಬುದನ್ನು ವೈದ್ಯರು ಕಂಡುಕೊಂಡಿದ್ದಾರೆ. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣಾಂಕವು ಇತರರಲ್ಲಿ 25 ದಾಟಿದಾಗ ಎಚ್ಚರಿಕೆ ಹೇಳುವ ವಾಡಿಕೆ. ಏಷ್ಯಾ ಮೂಲದವರಿಗೆ 23ಕ್ಕೇ ರಕ್ತಪರೀಕ್ಷೆ ಮಾಡಬೇಕೆಂದು ಅಮೆರಿಕದ ಮಧುಮೇಹ ಸಂಘವು 2015ರಲ್ಲಿ ಸೂಚಿಸಿತು. ಅಂದರೆ 170 ಸೆಂಟಿಮೀಟರ್ ಎತ್ತರದ ಮನುಷ್ಯನು 66 ಕಿಲೋ ದಾಟಿದನೆಂದರೆ ಪರೀಕ್ಷೆಗೆ ತಕ್ಕವನಾದನು. ನಮ್ಮಲ್ಲಿ ಅಷ್ಟು ತೂಕದವನನ್ನು ಕಂಡು “ಸೊರಗಿದ್ದಾನೆ, ಇನ್ನೆರಡು ಹೋಳಿಗೆ ಬಡಿಸಿ” ಎನ್ನುತ್ತೇವೆ!

ಇನ್ನೆರಡು ಕೊರತೆಗಳನ್ನು ಹೇಳಲೇಬೇಕು. ಬಿ-12 ಎಂಬ ಜೀವಸತ್ತ್ವವು ಕಾಳುಪಲ್ಲೆಗಳಲ್ಲಿ ದೊರೆಯದು. ಸಸ್ಯಾಹಾರಿಗೆ ಅದರ ಸಹಜ ಆಸರೆಯೆಂದರೆ ಹಾಲು, ಮೊಸರು. ಅದು ತಗ್ಗಿದರೆ ರಕ್ತ ಕುಂದುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ನೆನಪು ಮಸುಕಾಗುತ್ತದೆ. ಡಿ ಎಂಬ ಇನ್ನೊಂದನ್ನು ಬಿಸಿಲು ಚರ್ಮದಲ್ಲಿಯೇ ಉಂಟುಮಾಡುತ್ತದೆ. ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿ ದೂರದಲ್ಲಿದ್ದರೆ ಲಂಡನ್ 51 ಡಿಗ್ರಿ ದೂರದಲ್ಲಿದೆ. ಅಲ್ಲಿಯ ಚಳಿಗಾಲದ ಸೂರ್ಯನು ಕಣ್ಣಿಗೆ ಕಂಡರೂ ಈ ಕೆಲಸಕ್ಕೆ ಸಾಲನು. ಅಕ್ಟೋಬರಿನಿಂದ ಮಾರ್ಚಿಯವರೆಗೆ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕೆಂದೂ, ಕಪ್ಪು ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದು ಒಳಿತೆಂದೂ ಬ್ರಿಟನ್ನಿನ ಆರೋಗ್ಯ ಇಲಾಖೆಯು ಸಲಹೆ ಕೊಡುತ್ತದೆ.

ಆದರೆ ಆ ಗುಳಿಗೆಯ ಕವಚವು ಪ್ರಾಣಿಗಳ ಎಲುಬು ಚರ್ಮಗಳಿಂದಾದ ಜೆಲಟಿನ್ ಎಂದು ತಿಳಿದು, ವೈದ್ಯರು ಕೊಟ್ಟುದನ್ನು ಎಸೆದ ತಾಯಂದಿರಿದ್ದಾರೆ. ಅವರ ನಿಷ್ಠೆಗೆ ನಾನು ಕೈಮುಗಿಯುತ್ತೇನೆ, ಅವರ ನಿರ್ಣಯವನ್ನು ಒಪ್ಪಲಾರೆ. ಸಸ್ಯದ ನಾರಿನಿಂದ ಮಾಡಿದ ಕವಚಗಳುಂಟು, ಕವಚವೇ ಇಲ್ಲದ ಗುಳಿಗೆಗಳುಂಟು, ಸೂಜಿಮದ್ದೂ ಉಂಟು. ಔಷಧದ ಅಂಗಡಿಯವನನ್ನು ಕೇಳಿದರೆ ಕೊಡುತ್ತಾನೆ. ಒಂದು ವೇಳೆ ಬೇರೆ ದಾರಿಯೇ ಇಲ್ಲವಾದರೆ ಔಷಧವು ಔಷಧವೇ ಹೊರತು ಭೋಜನವಲ್ಲ. ಲಿಂಗವನ್ನು ಹೊತ್ತ ಕಾಯವನ್ನೇ ಪ್ರಸಾದವೆಂದು ತಿಳಿದ ಮತದಲ್ಲಿ ಆ ಕಾಯವನ್ನು ಹಟದಿಂದ ಕೆಡಿಸುವುದು ಯಾವ ಆಚಾರ?

ಇನ್ನು ಅಡಗಿರುವ ಪದಾರ್ಥಗಳ ಮಾತು. ನಮ್ಮ ದೇಶದಲ್ಲಿ 2001ರಿಂದ ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ಮುದ್ರಿಸುವ ಕಾಯಿದೆಯಿದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇಂತಹ ಕಡ್ಡಾಯದ ಗುರುತಿಲ್ಲ. ಹಿಂಬದಿಯ ಸಣ್ಣಕ್ಷರಗಳನ್ನು ಓದಬೇಕು. ಅಲ್ಲಿಯ ಕೆಲವು ಗಟ್ಟಿಗಿಣ್ಣುಗಳಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಹಾಕುತ್ತಾರೆ. ಇಟಲಿಯ ಪಾರ್ಮೆಸಾನ್ ಗಿಣ್ಣಿಗಂತೂ ಅದೇ ನಿಯಮ. ಕೆಲವು ಮೊಸರಿನ ಡಬ್ಬಿಗಳಲ್ಲಿ ಜೆಲಟಿನ್ ಇರುತ್ತದೆ. ಕೆಂಪು ಬಣ್ಣಕ್ಕೆ ಕೀಟವನ್ನು ಅರೆದು ಬೆರೆಸುವುದುಂಟು. ಯೂರೋಪಿನಲ್ಲಿ ಅದರ ಸಂಖ್ಯೆ ಇ-120. ಸಸ್ಯದ ಎಣ್ಣೆಯಲ್ಲಿ ಕರಿದುದೆಂದು ನಂಬಿಸಿದ್ದ ಆಲೂಗಡ್ಡೆಯಲ್ಲಿ ಗೋಮಾಂಸದ ಸಾರವಿತ್ತೆಂದು 2001ರಲ್ಲಿ ಅಮೆರಿಕದ ಹಿಂದೂಗಳು ಒಂದು ಪ್ರಖ್ಯಾತ ಸಂಸ್ಥೆಯ ಮೇಲೆ ದಾವೆ ಹೂಡಿದರು. ಮರುವರ್ಷ ಅದು ಒಂದು ಕೋಟಿ ಡಾಲರಿಗೆ ರಾಜಿಯಾಯಿತು. ವಿಮಾನದಲ್ಲಿ “ಹಿಂದೂ ಊಟ” ಎಂದು ಬರೆಸಿದ ಹಿರಿಯರಿಗೆ ಕೋಳಿಯೋ ಕುರಿಯೋ ಬರುವುದು ಸಾಮಾನ್ಯ, ಏಕೆಂದರೆ ಅವರ ಲೆಕ್ಕದಲ್ಲಿ ಆ ಹೆಸರಿನ ಊಟದಲ್ಲಿ ಗೋವು ಹಂದಿಗಳು ಮಾತ್ರ ವರ್ಜ್ಯ; “ಏಷ್ಯನ್ ವೆಜಿಟೇರಿಯನ್” ಎಂದು ಬರೆಸಬೇಕು. ಅರಿಯದೆ ಬಾಯಿಗೆ ಬಿದ್ದುದಕ್ಕಾಗಿ ವಾರಗಟ್ಟಲೆ ಉಪವಾಸ ಬೀಳಬೇಕಾಗಿಲ್ಲ. ಅರಿತ ಮೇಲೂ ಕಣ್ಣುಮುಚ್ಚಿ ತಿನ್ನುವುದು ಬೇರೆ ಮಾತು.

ಎಲ್ಲಕ್ಕಿಂತ ಕಠಿನವಾದ ಸಂಗತಿಯು ಬಾಣಂತನಕ್ಕೆಂದು ಹೋದ ತಾಯಂದಿರದು. ಮಗನು ಮಾಂಸಾಹಾರಿ ಮನೆತನದ ಹುಡುಗಿಯ ಕೈಹಿಡಿದಿದ್ದಾನೆ. ಒಂದೇ ಶೀತಪೆಟ್ಟಿಗೆಯಲ್ಲಿ ಹಾಲೂ ಇದೆ, ಮೊಟ್ಟೆಯೂ ಇದೆ, ಬೇರೆಯದೂ ಇದೆ. ಅತ್ತೆಯು ಬರಿಯ ಹಾಲುಹಣ್ಣಿನಲ್ಲಿ ದಿನಗಳೆಯುತ್ತಾಳೆ. ಹಸಿಬಾಣಂತಿಯು ತನ್ನ ಕೈಯ ನೀರನ್ನು ಅತ್ತೆ ಕುಡಿಯಲಿಲ್ಲವೆಂದು ಅಳುತ್ತಾಳೆ. ಭವಿಪಾಕದ ವಿಷಯದಲ್ಲಿ ಹಿಂದಿನವರು ಕಟ್ಟುನಿಟ್ಟಾಗಿ ನುಡಿದಿದ್ದಾರೆಂಬುದನ್ನು ನಾನು ಮರೆತಿಲ್ಲ. ಆದರೆ ಭವಿಯೆಂಬುದು ಹುಟ್ಟಿಗೆ ಅಂಟಿದ ಮಾತಲ್ಲ. ಹಾಗಿದ್ದಿದ್ದರೆ ಕಲ್ಯಾಣದ ಮಹಾಮನೆಯಲ್ಲಿ ಅಷ್ಟು ಬಗೆಯ ಕಾಯಕದವರು ಒಂದೇ ಪಂಕ್ತಿಯಲ್ಲಿ ಕೂಡುತ್ತಿರಲಿಲ್ಲ. ಎರಡು ಪಾತ್ರೆಗಳನ್ನೂ ಶೀತಪೆಟ್ಟಿಗೆಯ ಒಂದು ಅಂತಸ್ತನ್ನೂ ಬೇರೆಯಿಟ್ಟುಕೊಂಡು, ಸೊಸೆ ತಂದ ನೀರನ್ನು ಸಂತೋಷದಿಂದ ಕುಡಿಯುವುದು ಆಚಾರಕ್ಕೆ ವಿರುದ್ಧವಲ್ಲ. ಮಾಂಸವನ್ನು ಬಿಟ್ಟುದು ದಯೆಗಾಗಿ ಅಲ್ಲವೆ? ಆ ದಯೆಯು ಕುರಿಯ ತನಕ ಹರಿದು ಹಸಿಬಾಣಂತಿಯ ಹತ್ತಿರ ನಿಂತುಬಿಡುವುದು ವಿಚಿತ್ರ.

ಈಚೆಗೆ ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಕೇಳಿಬರುತ್ತಿದೆ. ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗಳು ಹಾಲು ತುಪ್ಪಗಳನ್ನೂ ಮುಟ್ಟುವುದಿಲ್ಲ. ಅಜ್ಜಿ ಕೊಟ್ಟ ಉಂಡೆಯನ್ನು ಹಿಂದಕ್ಕೆ ಸರಿಸಿ, “ದೊಡ್ಡ ಹೈನುಶಾಲೆಗಳಲ್ಲಿ ಕರುವನ್ನು ಹುಟ್ಟಿದ ಕೂಡಲೆ ತಾಯಿಯಿಂದ ಅಗಲಿಸುತ್ತಾರೆ, ನಿನಗೆ ಗೊತ್ತೆ ಅಜ್ಜಿ?” ಎಂದು ಕೇಳುತ್ತಾಳೆ. ಈ ಮತದವರ ಸಂಘವು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಹಿರಿಯರು ಇದನ್ನು ಉದ್ಧಟತನವೆಂದು ಸಿಡಿಮಿಡಿಗೊಳ್ಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ನಾವು ಮಾಂಸದ ವಿಷಯದಲ್ಲಿ ಕೇಳಿದ ಪ್ರಶ್ನೆಯನ್ನೇ ಆ ಮಗು ಹಾಲಿನ ವಿಷಯದಲ್ಲಿ ಕೇಳುತ್ತಿದೆ. ಮನೆಯ ಹಟ್ಟಿಯಲ್ಲಿ ಕರು ಕುಡಿದು ಉಳಿದುದನ್ನು ಕರೆಯುತ್ತಿದ್ದ ಕಾಲದ ಉತ್ತರವು ಅವಳಿಗೆ ಸಾಲದು. ಅವಳು ತುಪ್ಪ ಬಿಡಲಿ. ಬಿ-12 ಗುಳಿಗೆಯನ್ನು ಮಾತ್ರ ತಪ್ಪದೆ ನುಂಗಲಿ.

ಪ್ರಮಾಣದ ಮಾತೊಂದು ಉಳಿಯಿತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ತಾಯಿಯು ಅದನ್ನು ಒಲೆಗೇರಿಸದೆ, ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಪರದೇಶದ ಅಂಗಡಿಗಳಲ್ಲಿ ಕೈಗಾಡಿಯನ್ನು ತುಂಬಿಸುವಾಗ, ಒಂದು ಕೊಂಡರೆ ಇನ್ನೊಂದು ಪುಕ್ಕಟೆಯೆಂದು ಬರೆದಿರುವಾಗ, ಆ ತಾಯಿಯ ನೆನಪಾಗಬೇಕು. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಸಂಪ್ರದಾಯದವರ ಮಕ್ಕಳು ವಾರಕ್ಕೊಮ್ಮೆ ಚೀಲ ತುಂಬ ಹಳಸಿದ ಅನ್ನವನ್ನು ಹೊರಗೆಸೆಯುತ್ತಾರೆಂದು ಕೇಳಿದರೆ ಸಂಕಟವಾಗುತ್ತದೆ.

“ನಮ್ಮ ಊಟ ಅಲ್ಲಿ ಸಿಗದು” ಎನ್ನುವವರಿಗೆ ಒಂದು ಸಂಗತಿ ಹೇಳುತ್ತೇನೆ. ಅಮೆರಿಕವು ಜೋಳವನ್ನು ಬಹಳವಾಗಿ ಬೆಳೆಯುವ ದೇಶ. ಮೆಕ್ಕೆಜೋಳವನ್ನಲ್ಲ, ನಮ್ಮ ರೊಟ್ಟಿಯ ಜೋಳದ ಜಾತಿಯನ್ನೇ ಹೇಳುತ್ತಿದ್ದೇನೆ. ಅದರಲ್ಲಿ ಕ್ಯಾನ್ಸಸ್ ಪ್ರಾಂತವು ಮುಂದು. ಅದರ ಬಹುಭಾಗವನ್ನು ಅವರು ದನಗಳಿಗೆ ಹಾಕುತ್ತಾರೆ, ಮೋಟಾರಿನ ಇಂಧನಕ್ಕೆ ಬಳಸುತ್ತಾರೆ, ಹೊರದೇಶಕ್ಕೆ ಮಾರುತ್ತಾರೆ. ಗೋಧಿ ಒಗ್ಗದ ಅಲ್ಲಿಯ ರೋಗಿಗಳಿಗಾಗಿ ಅದರ ಹಿಟ್ಟು “ಸೋರ್ಗಮ್” ಎಂಬ ಹೆಸರಿನಲ್ಲಿ ಅಂಗಡಿಗಳಿಗೆ ಬರುತ್ತದೆ. ವಿಜಯಪುರದ ತಾಯಿಯ ಮಗನು ಅದೇ ಅಂಗಡಿಯಲ್ಲಿ ಮೈದಾರೊಟ್ಟಿಯನ್ನು ಕೊಂಡು ಮನೆಗೆ ಹೋಗುತ್ತಾನೆ. ಜೋಳದಲ್ಲಿ ಗೋಧಿಯ ಅಂಟಿಲ್ಲವಾದ್ದರಿಂದ ಹಿಟ್ಟಿಗೆ ಕುದಿವ ನೀರನ್ನು ಹಾಕಿ ಚೆನ್ನಾಗಿ ನಾದಬೇಕು. ತಣ್ಣೀರಾದರೆ ರೊಟ್ಟಿ ಹರಿಯುತ್ತದೆ. ಬಡಿಯಲು ಬಾರದವರು ಲಟ್ಟಣಿಗೆಯಿಂದ ಲಟ್ಟಿಸಿದರೂ ನಡೆಯುತ್ತದೆ.